ನೀರಿಗೆ ಇಳಿಯಬಹುದಾ? ಇ. ಕೋಲಿ ಹೇಳುವುದು, ಹೇಳದೇ ಇರುವುದು

ಇವತ್ತಿನ ವಿಷಯ ಸ್ವಲ್ಪ ಮುಜುಗರದ್ದು. ಊಟ ಮಾಡುತ್ತಾ ಕೇಳುತ್ತಿದ್ದರೆ ದಯವಿಟ್ಟು ಊಟ ಮುಗಿಸಿಕೊಂಡು ಬನ್ನಿ, ನಾವು ಕಾಯ್ತೀವಿ. ಯಾಕಂದ್ರೆ ಇವತ್ತು ನಾವು ಮಾತಾಡೋದು ಕೆರೆ, ಹೊಳೆ, ಸಮುದ್ರದ ನೀರಿಗೆ ಸೇರುವ ಮಲದ ಬಗ್ಗೆ, ಮತ್ತು ಅದನ್ನು ಪತ್ತೆ ಹಚ್ಚುವ ವಿಜ್ಞಾನದ ಬಗ್ಗೆ.

ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ, ಮಿಷಿಗನ್ ಸರೋವರದ ಸುತ್ತಮುತ್ತ ಇರುವ ಕೇಳುಗರಿಗೆ ಈ ಅನುಭವ ಹೊಸದಲ್ಲ. ಜುಲೈ ತಿಂಗಳ ಶನಿವಾರ. ಚಿತ್ರಾನ್ನ, ಕಲ್ಲಂಗಡಿ ಎಲ್ಲ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ಬೀಚಿಗೆ ಹೋಗ್ತೀರಿ. ಅಲ್ಲಿ ಒಂದು ಬೋರ್ಡು: ಇವತ್ತು ನೀರಿಗೆ ಇಳಿಯಬೇಡಿ, ಬ್ಯಾಕ್ಟೀರಿಯಾ ಪ್ರಮಾಣ ಹೆಚ್ಚಾಗಿದೆ. ನೀರು ನೋಡಿದರೆ ಗಾಜಿನ ಹಾಗೆ ತಿಳಿಯಾಗಿದೆ. ಇನ್ನೊಂದು ದಿನ ಮಳೆ ಬಂದು ನೀರೆಲ್ಲ ಕದಡಿರುತ್ತೆ, ಆದರೆ ಬೋರ್ಡಿನಲ್ಲಿ ಈಜಬಹುದು ಅಂತ ಇರುತ್ತೆ. ಹಾಗಾದ್ರೆ ಬೋರ್ಡನ್ನು ನಂಬಬೇಕಾ, ಕಣ್ಣನ್ನು ನಂಬಬೇಕಾ? ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ. ಇದೇ ಸರೋವರದ ನೀರಿನಿಂದ 1993ರಲ್ಲಿ ಒಂದು ಇಡೀ ನಗರ ಹಾಸಿಗೆ ಹಿಡಿಯಿತು. ಆಗ ಅಲ್ಲಿಯ ಬ್ಯಾಕ್ಟೀರಿಯಾ ಪರೀಕ್ಷೆಗಳು ಎಲ್ಲ ಸರಿಯಾಗಿದೆ ಅಂತಲೇ ಹೇಳುತ್ತಿದ್ದವು. ಆ ಕಥೆಗೆ ಬರೋಣ. ಅದಕ್ಕೆ ಮೊದಲು ಈ ಪರೀಕ್ಷೆ ಏನನ್ನು ಹುಡುಕುತ್ತೆ ಅಂತ ನೋಡೋಣ.

ಮಲ ಸೇರಿದ ನೀರಿನಿಂದ ಬರುವ ಕಾಯಿಲೆಗಳ ಪಟ್ಟಿ ಉದ್ದ ಇದೆ. ಕಾಲರಾ, ಟೈಫಾಯ್ಡ್, ರಕ್ತಭೇದಿ, ಹೆಪಟೈಟಿಸ್ ಎ, ನೊರೋವೈರಸ್, ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂ. ಹಾಗಿದ್ರೆ ಈ ರೋಗಾಣುಗಳನ್ನೇ ನೇರವಾಗಿ ಹುಡುಕಬಹುದಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಮೂರು ತೊಡಕುಗಳಿವೆ. ಒಂದು, ಪ್ರತಿಯೊಂದಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು, ಕೆಲವು ತುಂಬಾ ದುಬಾರಿ. ಎರಡು, ಇವು ನೀರಿನಲ್ಲಿ ಬಹಳ ಕಡಿಮೆ ಸಂಖ್ಯೆಯಲ್ಲಿರುತ್ತವೆ. ಆದರೆ ನೊರೋವೈರಸ್‌ನಂಥವು ಕೆಲವೇ ಕಣಗಳು ಹೊಟ್ಟೆ ಸೇರಿದರೂ ವಾಂತಿ ಭೇದಿ ತರಬಲ್ಲವು. ಮೂರು, ಊರಲ್ಲಿ ಯಾರಿಗಾದರೂ ಕಾಯಿಲೆ ಇದ್ದಾಗ ಮಾತ್ರ ಆ ರೋಗಾಣು ಚರಂಡಿಗೆ ಬರುತ್ತೆ. ಇವತ್ತು ಸಿಗಲಿಲ್ಲ ಅಂದ ಮಾತ್ರಕ್ಕೆ ನಾಳೆ ಬರೋದಿಲ್ಲ ಅಂತೇನಿಲ್ಲ.

ನಮ್ಮ ಮಲೆನಾಡಿನ ರೈತರನ್ನು ನೆನಪಿಸಿಕೊಳ್ಳಿ. ಗದ್ದೆಗೆ ಕಾಡುಹಂದಿ ಬರ್ತಿದೆಯಾ ಅಂತ ತಿಳಿಯಲು ಅವರು ಹಂದಿಯೇ ಕಣ್ಣಿಗೆ ಬೀಳಲಿ ಅಂತ ಕಾಯೋದಿಲ್ಲ. ಬೆಳಿಗ್ಗೆ ಎದ್ದು ಬದುವಿನ ಮೇಲೆ ಹೆಜ್ಜೆ ಗುರುತು ನೋಡುತ್ತಾರೆ. ನೀರಿನ ಪರೀಕ್ಷೆಯೂ ಹಾಗೇ. ನಾವು ಹುಡುಕುವುದು ರೋಗಾಣುವನ್ನಲ್ಲ, ಮಲದ ಹೆಜ್ಜೆ ಗುರುತನ್ನು. ಬೆಚ್ಚಗಿನ ರಕ್ತದ ಪ್ರಾಣಿಗಳ ಕರುಳಿನಲ್ಲಿ ಯಾವಾಗಲೂ ಇರುವ, ಬಹುಪಾಲು ನಿರುಪದ್ರವಿಯಾದ ಬ್ಯಾಕ್ಟೀರಿಯಾ ನೀರಿನಲ್ಲಿ ಸಿಕ್ಕಿದರೆ, ಅಲ್ಲಿಗೆ ಮಲ ಬಂದಿದೆ ಎಂದರ್ಥ. ಮಲ ಬಂದಿದ್ದರೆ ಅದರ ಜೊತೆ ರೋಗಾಣುವೂ ಬಂದಿರಬಹುದು. ಇಂಥ ಬ್ಯಾಕ್ಟೀರಿಯಾಗಳಿಗೆ ಸೂಚಕ ಜೀವಿಗಳು ಅಂತ ಹೆಸರು.

ಈ ಯೋಚನೆಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. 1885ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಥಿಯೊಡೋರ್ ಎಷರಿಚ್ ಎಳೆಮಕ್ಕಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿ ವಿವರಿಸಿದರು. ಅವರ ಹೆಸರಿನಿಂದಲೇ ಅದು ಇವತ್ತು ಎಷರೀಷಿಯಾ ಕೋಲಿ, ನಮ್ಮ ಬಾಯಲ್ಲಿ ಇ. ಕೋಲಿ. 1892ರಲ್ಲಿ ಆಸ್ಟ್ರಿಯಾದ ಫ್ರಾನ್ಜ್ ಷಾರ್ಡಿಂಗರ್, ಇದನ್ನು ನೀರಿನಲ್ಲಿ ಮಲ ಸೇರಿದ್ದಕ್ಕೆ ಸೂಚಕವಾಗಿ ಬಳಸಬಹುದು ಅಂತ ಸೂಚಿಸಿದರು. ಅದೇ ಸುಮಾರಿಗೆ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ನ್ಯೂಯಾರ್ಕ್ ರಾಜ್ಯದ ನದಿ ನೀರಿನಲ್ಲಿ ಈ ಬ್ಯಾಕ್ಟೀರಿಯಾವನ್ನು ಅಳೆಯುವ ಕೆಲಸಕ್ಕೆ ಇಳಿದರು.

ಅವತ್ತಿನ ಅಗತ್ಯ ಎಷ್ಟಿತ್ತು ಅನ್ನೋದಕ್ಕೆ ಶಿಕಾಗೋ ಒಳ್ಳೆಯ ಉದಾಹರಣೆ. ಆ ನಗರ ಕುಡಿಯುತ್ತಿದ್ದದ್ದು ಮಿಷಿಗನ್ ಸರೋವರದ ನೀರನ್ನು. ನಗರದ ಕೊಳಚೆ ಶಿಕಾಗೋ ನದಿ ಸೇರಿ, ಆ ನದಿ ಹೋಗಿ ಬೀಳುತ್ತಿದ್ದದ್ದೂ ಅದೇ ಸರೋವರಕ್ಕೆ. ಟೈಫಾಯ್ಡ್‌ನಿಂದ ಜನ ಸಾಯುತ್ತಿದ್ದರು. ಕೊನೆಗೆ 1900ರಲ್ಲಿ ಕಾಲುವೆ ತೋಡಿ ಇಡೀ ನದಿ ಹಿಂದಕ್ಕೆ ಹರಿಯುವ ಹಾಗೆ ಮಾಡಿದರು. ಇವತ್ತಿಗೂ ಶಿಕಾಗೋ ನದಿ ಸರೋವರಕ್ಕೆ ಬೆನ್ನು ಹಾಕಿಯೇ ಹರಿಯುತ್ತೆ. ಆದರೆ ಮಳೆನೀರು, ಕಕ್ಕಸಿನ ನೀರು ಎರಡೂ ಒಂದೇ ಕೊಳವೆಯಲ್ಲಿ ಹೋಗುವ ಹಳೆಯ ಒಳಚರಂಡಿ ವ್ಯವಸ್ಥೆ ಅಲ್ಲಿ ಇನ್ನೂ ಇದೆ. ಭಾರೀ ಮಳೆ ಸುರಿದು ಅದು ತುಂಬಿ ಉಕ್ಕಿದಾಗ, ನಗರ ಮುಳುಗದಿರಲಿ ಅಂತ ನದಿಯ ಗೇಟುಗಳನ್ನು ಸರೋವರದ ಕಡೆಗೆ ತೆರೆಯಬೇಕಾದ ಪ್ರಸಂಗಗಳು ಬಂದಿವೆ.

ಸರಿ, ಈಗ ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ನೀರಿನ ವರದಿಯಲ್ಲಿ ಟೋಟಲ್ ಕೋಲಿಫಾರ್ಮ್, ಫೀಕಲ್ ಕೋಲಿಫಾರ್ಮ್, ಇ. ಕೋಲಿ ಅಂತ ಮೂರು ಹೆಸರು ಕಾಣಿಸುತ್ತೆ. ಇವು ಜಿಲ್ಲೆ, ತಾಲ್ಲೂಕು, ಹಳ್ಳಿ ಇದ್ದ ಹಾಗೆ, ಒಂದರೊಳಗೊಂದು. ಟೋಟಲ್ ಕೋಲಿಫಾರ್ಮ್ ದೊಡ್ಡ ಗುಂಪು. ಅದರಲ್ಲಿ ಮಣ್ಣಿನಲ್ಲಿ, ಎಲೆಗಳ ಮೇಲೆ ಸಹಜವಾಗಿ ಬದುಕುವ ಬ್ಯಾಕ್ಟೀರಿಯಾಗಳೂ ಸೇರಿವೆ. ಅವುಗಳಲ್ಲಿ 44.5 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಬೆಳೆಯುವವು ಫೀಕಲ್ ಕೋಲಿಫಾರ್ಮ್. ಕರುಳಿನ ಬಿಸಿಗೆ ಒಗ್ಗಿಕೊಂಡವು ಅಂತ ಇಟ್ಟುಕೊಳ್ಳಿ. ಆದರೂ ಅವುಗಳಲ್ಲಿ ಕ್ಲೆಬ್ಸಿಯೆಲ್ಲಾದಂಥ ಕೆಲವು, ಮಲದ ನಂಟೇ ಇಲ್ಲದೆ ಬೆಳೆಯಬಲ್ಲವು. ಎಲ್ಲಕ್ಕಿಂತ ಒಳಗಿನದು ಇ. ಕೋಲಿ, ಮಲದ ಜೊತೆ ಅತಿ ಹತ್ತಿರದ ಸಂಬಂಧ ಇರುವುದು. ಈ ಸಾಲಿಗೆ ಸೇರದ ಇನ್ನೊಂದು ಗುಂಪು ಎಂಟರೊಕಾಕಸ್. ಅದೂ ಕರುಳಿನದೇ, ಆದರೆ ಉಪ್ಪನ್ನು ಚೆನ್ನಾಗಿ ತಡೆದುಕೊಳ್ಳುತ್ತೆ. ಹಾಗಾಗಿ ಸಮುದ್ರದ ಬೀಚ್‌ಗಳಲ್ಲಿ ಎಂಟರೊಕಾಕಸ್ ನೋಡುತ್ತಾರೆ. ಸಿಹಿನೀರಿನಲ್ಲಿ ಇ. ಕೋಲಿಯನ್ನೋ ಎಂಟರೊಕಾಕಸ್ಸನ್ನೋ ನೋಡಬಹುದು.

ಪರೀಕ್ಷೆ ಮಾಡೋದು ಹೇಗೆ? ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಶುದ್ಧೀಕರಿಸಿದ ಬಾಟಲಿಯಲ್ಲಿ ನೀರು ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ತರುತ್ತಾರೆ. ಅದರಲ್ಲಿ 100 ಮಿಲಿಲೀಟರ್, ಅಂದರೆ ಸುಮಾರು ಅರ್ಧ ಲೋಟ ನೀರನ್ನು ತುಂಬಾ ಸಣ್ಣ ರಂಧ್ರಗಳಿರುವ ಫಿಲ್ಟರ್ ಮೂಲಕ ಹಾಯಿಸುತ್ತಾರೆ. ರಂಧ್ರದ ಅಳತೆ 0.45 ಮೈಕ್ರೊಮೀಟರ್. ಬ್ಯಾಕ್ಟೀರಿಯಾಗಳು ಮೇಲೆ ಉಳಿದುಕೊಳ್ಳುತ್ತವೆ. ಆ ಫಿಲ್ಟರನ್ನು ಪೋಷಕಾಂಶ ಇರುವ ತಟ್ಟೆಯ ಮೇಲಿಟ್ಟು ಮೊದಲು ಎರಡು ಗಂಟೆ 35 ಡಿಗ್ರಿಯಲ್ಲಿ, ಆಮೇಲೆ 22 ಗಂಟೆ 44.5 ಡಿಗ್ರಿಯಲ್ಲಿ ಇಡುತ್ತಾರೆ. ಕಣ್ಣಿಗೆ ಕಾಣದ ಒಂದೊಂದು ಬ್ಯಾಕ್ಟೀರಿಯಾವೂ ಬೆಳೆದು ಸಾಸಿವೆ ಕಾಳಿನಂಥ ಒಂದು ಚುಕ್ಕೆಯಾಗುತ್ತೆ. ಇ. ಕೋಲಿಯಲ್ಲಿ ಮಾತ್ರ ಸಾಮಾನ್ಯವಾಗಿ ಕಾಣುವ ಒಂದು ಕಿಣ್ವ, ತಟ್ಟೆಯಲ್ಲಿರುವ ರಾಸಾಯನಿಕವನ್ನು ಒಡೆದು ಆ ಚುಕ್ಕೆಗೆ ಕೆನ್ನೇರಳೆ ಬಣ್ಣ ಕೊಡುತ್ತೆ. ಮರುದಿನ ಚುಕ್ಕೆ ಎಣಿಸಿದರೆ ಲೆಕ್ಕ ಸಿಕ್ಕಿತು.

ಇನ್ನೊಂದು ವಿಧಾನವೂ ಬಳಕೆಯಲ್ಲಿದೆ, ಕೊಲಿಲರ್ಟ್ ಅಂತ. ಅದರಲ್ಲಿ ನೀರಿಗೆ ಪುಡಿ ಬೆರೆಸಿ 97 ಗುಳಿಗಳಿರುವ ಪ್ಲಾಸ್ಟಿಕ್ ಹಾಳೆಗೆ ಸುರಿದು ಮುಚ್ಚುತ್ತಾರೆ. ಮರುದಿನ ಹಳದಿಯಾದ ಗುಳಿಗಳಲ್ಲಿ ಕೋಲಿಫಾರ್ಮ್ ಇದೆ. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವ ಗುಳಿಗಳಲ್ಲಿ ಇ. ಕೋಲಿ ಇದೆ. ಎಷ್ಟು ಗುಳಿ ಹೊಳೆದವು ಅನ್ನೋದರ ಮೇಲೆ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ.

ಈಗ ಆ ಸಂಖ್ಯೆಯ ವಿಚಾರ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ಈಜುವ ಸಿಹಿನೀರಿನಲ್ಲಿ ಇ. ಕೋಲಿಯ ಸರಾಸರಿ 100 ಮಿಲಿಲೀಟರಿಗೆ 126 ಮೀರಬಾರದು. ಇದು ಒಂದು ದಿನದ ಲೆಕ್ಕ ಅಲ್ಲ, ಹಲವು ಮಾದರಿಗಳ ಜ್ಯಾಮಿತೀಯ ಸರಾಸರಿ. ಒಂದು ದಿನದ ಮಾದರಿ ನೋಡಿ ಬೋರ್ಡು ಹಾಕುವ ತೀರ್ಮಾನಕ್ಕೆ ಹಲವು ಕಡೆ ಬಳಸುವ ಸಂಖ್ಯೆ 235. ಈ 126 ಎಲ್ಲಿಂದ ಬಂತು? ಬೀಚಿಗೆ ಬಂದ ಸಾವಿರಾರು ಜನರನ್ನು ಆಮೇಲೆ ವಿಚಾರಿಸಿ, ಯಾರಿಗೆ ಹೊಟ್ಟೆ ಕೆಟ್ಟಿತು, ಅವತ್ತು ನೀರಿನಲ್ಲಿ ಸೂಚಕ ಜೀವಿ ಎಷ್ಟಿತ್ತು ಅಂತ ತಾಳೆ ನೋಡಿದ ಅಧ್ಯಯನಗಳಿಂದ. ಈ ಮಾನದಂಡದ ಮಟ್ಟದಲ್ಲಿ ಈಜಿದ ಪ್ರತಿ 1000 ಜನರಲ್ಲಿ ಸುಮಾರು 36 ಜನರಿಗೆ ಹೊಟ್ಟೆಯ ತೊಂದರೆ ಆಗಬಹುದು ಅಂತ ಆ ಸಂಸ್ಥೆಯದೇ ಅಂದಾಜು. ಅಂದರೆ 126 ಅನ್ನೋದು ಅಪಾಯ ಮತ್ತು ಸುರಕ್ಷತೆಯ ನಡುವಿನ ಗೋಡೆಯಲ್ಲ. ಸಮಾಜ ಇಷ್ಟು ಅಪಾಯವನ್ನು ಒಪ್ಪಿಕೊಳ್ಳಬಹುದು ಅಂತ ಎಳೆದುಕೊಂಡ ಗೆರೆ. ಗ್ರೇಟ್ ಲೇಕ್ಸ್ ಬೀಚ್‌ಗಳ ಅಧ್ಯಯನದಲ್ಲಿ ಕಂಡುಬಂದ ಇನ್ನೊಂದು ವಿಷಯ: ಹತ್ತು ವರ್ಷದೊಳಗಿನ ಮಕ್ಕಳಿಗೆ ಈ ಅಪಾಯ ಹೆಚ್ಚು. ಅವರು ನೀರಿನಲ್ಲಿ ಹೆಚ್ಚು ಹೊತ್ತು ಇರುತ್ತಾರೆ, ನೀರನ್ನು ಹೆಚ್ಚು ಕುಡಿಯುತ್ತಾರೆ ಕೂಡ.

ಭಾರತದಲ್ಲಿ ಸ್ನಾನದ ನೀರಿಗೆ ಫೀಕಲ್ ಕೋಲಿಫಾರ್ಮ್ ಲೆಕ್ಕ. 100 ಮಿಲಿಲೀಟರಿಗೆ 500ರೊಳಗಿದ್ದರೆ ಒಳ್ಳೆಯದು, ಗರಿಷ್ಠ ಮಿತಿ 2500. ಇದನ್ನು ಅಮೆರಿಕದ 126ರ ಪಕ್ಕ ಇಟ್ಟು ನೇರವಾಗಿ ಹೋಲಿಸಬೇಡಿ. ಒಂದು ತಾಲ್ಲೂಕಿನ ಲೆಕ್ಕ, ಇನ್ನೊಂದು ಹಳ್ಳಿಯ ಲೆಕ್ಕ.

ಇಲ್ಲಿಯವರೆಗೆ ಎಲ್ಲ ಸರಳ. ಆದರೆ ಹೆಜ್ಜೆ ಗುರುತು ನೋಡುವ ರೈತ ಅಷ್ಟಕ್ಕೇ ಸುಮ್ಮನಾಗೋದಿಲ್ಲ ಅಲ್ವಾ? ಇದು ಇವತ್ತಿನ ಗುರುತಾ, ನಿನ್ನೆಯದಾ? ಹಂದಿಯದಾ, ಪಕ್ಕದ ಮನೆಯ ನಾಯಿಯದಾ? ಗುರುತೇ ಬಿಡದೆ ಬಂದು ಹೋದದ್ದು ಏನಾದರೂ ಇದೆಯಾ? ನೀರಿನ ಸಂಖ್ಯೆಗೂ ಇದೇ ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು, ಇದು ಯಾವಾಗಿನ ಗುರುತು? ತಟ್ಟೆಯಲ್ಲಿ ಚುಕ್ಕೆ ಬೆಳೆಯಲು ಒಂದು ದಿನ ಬೇಕು. ಶನಿವಾರ ನೀವು ನೋಡುವ ಬೋರ್ಡು ಶುಕ್ರವಾರದ ನೀರಿನದು. ಅಷ್ಟರಲ್ಲಿ ಗಾಳಿಯ ದಿಕ್ಕು ಬದಲಾಗಿರುತ್ತೆ, ರಾತ್ರಿ ಮಳೆ ಬಂದಿರುತ್ತೆ, ಅಥವಾ ಬಿಸಿಲು ಬಿದ್ದಿರುತ್ತೆ. ಬಿಸಿಲು ಇ. ಕೋಲಿಯನ್ನು ಕೊಲ್ಲುತ್ತೆ. ಮಿಷಿಗನ್ ಸರೋವರದ ಬೀಚಿನಲ್ಲಿ ಇಡೀ ದಿನ ಮಾದರಿ ತೆಗೆದು ನೋಡಿದಾಗ, ಬೆಳಿಗ್ಗೆ ಹೆಚ್ಚಿದ್ದ ಸಂಖ್ಯೆ ಮಧ್ಯಾಹ್ನದ ಬಿಸಿಲಿಗೆ ಇಳಿಯುತ್ತಾ ಹೋಗಿದ್ದು ಕಂಡುಬಂದಿದೆ. ಹೀಗಾಗಿ ಎರಡೂ ಬಗೆಯ ಎಡವಟ್ಟು ಆಗುತ್ತೆ. ಕೊಳಕಿದ್ದ ದಿನ ಜನ ಈಜಿರುತ್ತಾರೆ, ನೀರು ತಿಳಿಯಾದ ಮೇಲೆ ಬೀಚ್ ಮುಚ್ಚಿರುತ್ತೆ. ಶುರುವಿನಲ್ಲಿ ಹೇಳಿದ ಆ ಗಾಜಿನಂಥ ನೀರು ಮತ್ತು ಬೋರ್ಡಿನ ಜಗಳಕ್ಕೆ ಒಂದು ಕಾರಣ ಇದು.

ಇದಕ್ಕೆ ಪರಿಹಾರ ಕೋವಿಡ್ ಕಾಲದಲ್ಲಿ ನಮಗೆಲ್ಲ ಪರಿಚಯವಾದ ಪಿಸಿಆರ್. ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯದೆ, ನೀರಿನಲ್ಲಿರುವ ಎಂಟರೊಕಾಕಸ್‌ನ ಡಿಎನ್‌ಎ ಎಷ್ಟಿದೆ ಅಂತ ನೇರವಾಗಿ ಅಳೆಯಬಹುದು. ಬೆಳಿಗ್ಗೆ ನೀರು ತಂದರೆ ಕೆಲವೇ ಗಂಟೆಗಳಲ್ಲಿ ಉತ್ತರ. ಶಿಕಾಗೋ ನಗರ 2017ರಲ್ಲಿ ತನ್ನ ಎಲ್ಲ ಬೀಚ್‌ಗಳಿಗೂ ಈ ವಿಧಾನ ತಂದಿತು. ಆದರೆ ಒಂದು ವಿಷಯ ನೆನಪಿರಲಿ. ಪಿಸಿಆರ್‌ಗೆ ಸತ್ತ ಬ್ಯಾಕ್ಟೀರಿಯಾ, ಬದುಕಿರುವ ಬ್ಯಾಕ್ಟೀರಿಯಾ ಎರಡೂ ಒಂದೇ, ಡಿಎನ್‌ಎ ಇದ್ದರೆ ಸಾಕು. ಹಾಗಾಗಿ ಕ್ಲೋರಿನ್ ಹಾಕಿ ಸಂಸ್ಕರಿಸಿದ ಕೊಳಚೆ ನೀರು ಬಂದು ಸೇರುವ ಕಡೆ, ಬರೀ ಸತ್ತವುಗಳ ಡಿಎನ್‌ಎಯಿಂದಲೂ ಸಂಖ್ಯೆ ಏರಬಹುದು. ವಿಚಿತ್ರ ಅಂದ್ರೆ, ಇದು ಪೂರ್ತಿ ದೋಷವೂ ಅಲ್ಲ. ಗ್ರೇಟ್ ಲೇಕ್ಸ್ ಬೀಚ್‌ಗಳಲ್ಲಿ ನಡೆದ ಅಧ್ಯಯನದಲ್ಲಿ ಪಿಸಿಆರ್ ಲೆಕ್ಕ ಏರಿದ ಹಾಗೆ ಈಜಿದವರ ಹೊಟ್ಟೆಯ ತೊಂದರೆಯೂ ಏರಿದ್ದು ಕಂಡಿತ್ತು. ವೈರಸ್‌ಗಳು ಬ್ಯಾಕ್ಟೀರಿಯಾಗಳಿಗಿಂತ ಗಟ್ಟಿ. ಇ. ಕೋಲಿ, ಎಂಟರೊಕಾಕಸ್ ಸತ್ತ ಮೇಲೂ ಅವು ಬದುಕಿರಬಹುದು. ಅಂಥಲ್ಲಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಉಪಯೋಗದ ಸುಳಿವೇ.

ಎರಡನೆಯ ಪ್ರಶ್ನೆ, ಇದು ಯಾರ ಗುರುತು? ಇ. ಕೋಲಿ ಮನುಷ್ಯರಿಗಷ್ಟೇ ಸೀಮಿತ ಅಲ್ಲ. ಬೀಚಿನಲ್ಲಿ ನಿಮ್ಮ ಚಿಪ್ಸ್ ಪ್ಯಾಕೆಟ್ ಮೇಲೆ ಕಣ್ಣಿಟ್ಟು ಸುತ್ತುವ ಸೀಗಲ್ ಹಕ್ಕಿಗಳ ಹಿಕ್ಕೆಯಲ್ಲೂ ಅದು ಕೋಟಿಗಟ್ಟಲೆ ಇರುತ್ತೆ. ಶಿಕಾಗೋದ ಬೀಚಿನಲ್ಲಿ ಹಕ್ಕಿಗಳನ್ನು ಓಡಿಸಲು ಬಾರ್ಡರ್ ಕೋಲಿ ಜಾತಿಯ ನಾಯಿಗಳನ್ನು ಬಿಟ್ಟು ನೋಡಿದರು. ಹಕ್ಕಿ ಕಡಿಮೆಯಾದ ಹಾಗೆ ನೀರಿನಲ್ಲಿ ಇ. ಕೋಲಿಯೂ ಕಡಿಮೆಯಾಯಿತು. ಕೋಲಿಗೆ ಕೋಲಿಯೇ ಮದ್ದು ಅಂತ ನಮ್ಮ ತಂಡದಲ್ಲಿ ಇದೊಂದು ತಮಾಷೆ.

ಇನ್ನೂ ದೊಡ್ಡ ತೊಡಕು ಏನಂದ್ರೆ, ಇ. ಕೋಲಿ ಕರುಳಿನಿಂದ ಹೊರಬಿದ್ದ ಮೇಲೂ ಕೆಲವು ಕಡೆ ಸಂಸಾರ ಹೂಡುತ್ತೆ. ಮಿಷಿಗನ್ ಸರೋವರದ ದಡದಲ್ಲಿ ರಾಶಿ ಬೀಳುವ ಕ್ಲಾಡೊಫೊರಾ ಅನ್ನುವ ಹಸಿರು ಪಾಚಿಯಲ್ಲಿ ಇ. ಕೋಲಿ, ಎಂಟರೊಕಾಕಸ್ ಎರಡೂ ದಂಡಿಯಾಗಿರುತ್ತವೆ ಅಂತ 2003ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಬಿಸಿಲಿಗೆ ಒಣಗಿದ ಪಾಚಿಯನ್ನು ಆರು ತಿಂಗಳಿಗೂ ಹೆಚ್ಚು ಕಾಲ ಫ್ರಿಜ್‌ನ ತಣ್ಪಿನಲ್ಲಿಟ್ಟು, ಮತ್ತೆ ನೀರು ಹಾಕಿದಾಗ ಆ ಬ್ಯಾಕ್ಟೀರಿಯಾಗಳು ಪುನಃ ಬೆಳೆದವು! ದಡದ ಒದ್ದೆ ಮರಳಿನಲ್ಲೂ ಇವು ಬಹುಕಾಲ ಉಳಿಯುತ್ತವೆ. ಅಲೆ ಜೋರಾದರೆ ಅಲ್ಲಿಂದ ಎದ್ದು ನೀರಿಗೆ ಬರುತ್ತವೆ. ಆಗ ಹೊಸದಾಗಿ ಕೊಳಚೆ ಸೇರದೆಯೂ ಸಂಖ್ಯೆ ಏರುತ್ತೆ.

ಬಿಸಿ ಪ್ರದೇಶಗಳಲ್ಲಂತೂ ಇದು ಇನ್ನೂ ಮುಖ್ಯ. ಹವಾಯಿ ದ್ವೀಪದಲ್ಲಿ ರೋಜರ್ ಫುಜಿಯೋಕಾ ಮತ್ತು ಸಂಗಡಿಗರು, ಊರಿನ ಕೊಳಚೆ ಸೇರದ ತೊರೆಗಳಲ್ಲೂ ಇ. ಕೋಲಿ ಮತ್ತು ಎಂಟರೊಕಾಕಸ್ ಹೆಚ್ಚಿರುವುದನ್ನು ಕಂಡರು. ಮೂಲ ಹುಡುಕಿದಾಗ ಸಿಕ್ಕಿದ್ದು ಅಲ್ಲಿಯ ಬೆಚ್ಚಗಿನ ಒದ್ದೆ ಮಣ್ಣು. ಚಳಿ ದೇಶಗಳ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಪರೀಕ್ಷೆಯನ್ನು ಮಳೆಗಾಲದ ಬಿಸಿ ನಾಡಿಗೆ ಹಾಗೇ ಎತ್ತಿ ತಂದರೆ ಸಂಖ್ಯೆಯ ಅರ್ಥ ಬದಲಾಗುತ್ತೆ. ಊರಿನ ಹೊಳೆಯ ವರದಿಯಲ್ಲಿ ಬರೀ ಟೋಟಲ್ ಕೋಲಿಫಾರ್ಮ್ ಸಂಖ್ಯೆ ನೋಡಿ, ಅಷ್ಟೂ ಮಲದ್ದೇ ಅಂತ ತೀರ್ಮಾನಿಸಬಾರದು ಅನ್ನೋದು ಇದಕ್ಕೇ. ಹಾಗಂತ ಅದನ್ನು ತಳ್ಳಿಹಾಕುವಂತೆಯೂ ಇಲ್ಲ. ಮುಂದಿನ ಪರೀಕ್ಷೆ ಮಾಡಬೇಕು ಅಷ್ಟೇ.

ಯಾರದು ಅಂತ ತಿಳಿಯೋದು ಯಾಕೆ ಮುಖ್ಯ? ಮನುಷ್ಯರ ಕೊಳಚೆಯಲ್ಲಿ ಮನುಷ್ಯರಿಗೆ ಅಂಟುವ ವೈರಸ್‌ಗಳಿರುತ್ತವೆ, ಹಾಗಾಗಿ ಅದರ ಅಪಾಯ ಹೆಚ್ಚು. ಹಕ್ಕಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಇರಬಹುದು, ಆದರೆ ಸಂಖ್ಯೆ ಅಷ್ಟೇ ಇದ್ದರೂ ಅಪಾಯ ಸಾಮಾನ್ಯವಾಗಿ ಕಡಿಮೆ. ದನದ ಸಗಣಿಯನ್ನು ಹಗುರವಾಗಿ ನೋಡುವ ಹಾಗಿಲ್ಲ. ಇ. ಕೋಲಿಯ ಅಪಾಯಕಾರಿ ತಳಿ ಒ157 ದನಗಳ ಕರುಳಿನಲ್ಲಿ ಇರುತ್ತೆ. ಅಲ್ಲದೆ ಮದ್ದೂ ಬೇರೆ ಬೇರೆ. ಒಡೆದ ಒಳಚರಂಡಿ ಕೊಳವೆಗೆ ರಿಪೇರಿ, ಹಕ್ಕಿಗೆ ನಾಯಿ, ಪಾಚಿಗೆ ಪೊರಕೆ. ಕಾರಣ ತಿಳಿಯದೆ ಹಣ ಸುರಿದರೆ ನೀರು ಶುದ್ಧವಾಗೋದಿಲ್ಲ.

ಇದಕ್ಕಾಗಿ ವಿಜ್ಞಾನಿಗಳು ಮಲದ ಮೂಲ ಪತ್ತೆಯ ವಿಧಾನಗಳನ್ನು ಬೆಳೆಸಿದ್ದಾರೆ. ನಮ್ಮ ಕರುಳಿನಲ್ಲಿ ಇ. ಕೋಲಿಗಿಂತ ಎಷ್ಟೋ ಪಾಲು ಹೆಚ್ಚಿರುವ ಬ್ಯಾಕ್ಟೀರಾಯ್ಡಿಸ್ ಅನ್ನುವ ಬ್ಯಾಕ್ಟೀರಿಯಾಗಳಿವೆ. ಇವಕ್ಕೆ ಆಮ್ಲಜನಕ ಆಗಿಬರೋದಿಲ್ಲ. ಹಾಗಾಗಿ ಹೊರಗಿನ ನೀರಿನಲ್ಲಿ ಇವು ಸಂಸಾರ ಹೂಡುವ ಸಾಧ್ಯತೆ ತೀರಾ ಕಡಿಮೆ. 2000ದಲ್ಲಿ ಅಮೆರಿಕದ ಆರೆಗನ್‌ನ ವಿಜ್ಞಾನಿಗಳು ಇದೇ ಬಳಗದಲ್ಲಿ, ಮನುಷ್ಯರ ಮಲದಲ್ಲಿ ಮುಖ್ಯವಾಗಿ ಕಾಣುವ ಒಂದು ಡಿಎನ್‌ಎ ತುಣುಕನ್ನು ಗುರುತಿಸಿದರು. ಅದರ ಹೆಸರು ಎಚ್ಎಫ್183. ಇವತ್ತು ಅದು ಅಮೆರಿಕದಲ್ಲಿ ಅಧಿಕೃತ ವಿಧಾನವೇ ಆಗಿದೆ. ದನ, ನಾಯಿ, ಸೀಗಲ್‌ಗಳಿಗೂ ಇಂಥ ಬೇರೆ ಬೇರೆ ಗುರುತುಗಳಿವೆ.

ನಮ್ಮ ಕೇಳುಗರಿಗೆ ಇಷ್ಟವಾಗಬಹುದಾದ ಇನ್ನೊಂದು ಗುರುತು ಇದೆ. ಮೆಣಸಿನಕಾಯಿ ಗಿಡಕ್ಕೆ ತಗಲುವ ಒಂದು ವೈರಸ್ ಇದೆ, ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್. ಗಿಡಕ್ಕೆ ಕಾಯಿಲೆ, ನಮಗೆ ಏನೂ ಮಾಡೋದಿಲ್ಲ. ಮೆಣಸಿನಕಾಯಿ, ಸಾಸ್, ಖಾರದ ತಿಂಡಿಗಳ ಜೊತೆ ನಮ್ಮ ಹೊಟ್ಟೆ ಸೇರಿ, ಹಾಗೇ ಗಟ್ಟಿಯಾಗಿ ಹೊರಗೆ ಬರುತ್ತೆ. ಖಾರ ತಿನ್ನೋ ಪ್ರಾಣಿ ಮುಖ್ಯವಾಗಿ ಮನುಷ್ಯ ತಾನೇ? ಹಾಗಾಗಿ ಕೊಳಚೆ ನೀರಿನಲ್ಲಿ ಇದು ಅಪಾರ ಪ್ರಮಾಣದಲ್ಲಿ ಸಿಗುತ್ತೆ, ಮತ್ತು ಹೊಳೆಯಲ್ಲಿ ಸಿಕ್ಕಿದರೆ ಮನುಷ್ಯರ ಕೊಳಚೆಯ ಒಳ್ಳೆಯ ಸುಳಿವು. ಕೋವಿಡ್ ಸಮಯದಲ್ಲಿ ಒಳಚರಂಡಿ ನೀರಿನಲ್ಲಿ ಕೊರೊನಾ ಅಳೆದಾಗ, ಆ ಮಾದರಿಯಲ್ಲಿ ಮಲ ಎಷ್ಟಿತ್ತು ಅಂತ ತೂಗಿ ನೋಡಲು ಹಲವು ಲ್ಯಾಬ್‌ಗಳು ಬಳಸಿದ್ದು ಇದನ್ನೇ.

ಈಗ ಮೂರನೆಯ ಪ್ರಶ್ನೆ. ಗುರುತೇ ಬಿಡದೆ ಬಂದು ಹೋಗುವವರು ಯಾರು? ಇಲ್ಲಿಗೆ ಮಿಲ್ವಾಕೀ ನಗರದ ಕಥೆ ಬರುತ್ತೆ. ಶಿಕಾಗೋದಿಂದ ಉತ್ತರಕ್ಕೆ, ಅದೇ ಮಿಷಿಗನ್ ಸರೋವರದ ದಡದಲ್ಲಿರುವ ಊರು. 1993ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಜನರಿಗೆ ಭೇದಿ ಶುರುವಾಯಿತು. ಕೆಲಸಕ್ಕೆ ಬರುವವರಿಲ್ಲ, ಶಾಲೆಗೆ ಮಕ್ಕಳಿಲ್ಲ. ಅಂಗಡಿಗಳಲ್ಲಿ ಭೇದಿಯ ಔಷಧ ಖಾಲಿ. ನಗರಕ್ಕೆ ನೀರು ಶುದ್ಧೀಕರಿಸುವ ಎರಡು ಘಟಕಗಳಿದ್ದವು. ದಕ್ಷಿಣದ ಘಟಕದಿಂದ ಹೊರಬರುವ ನೀರಿನಲ್ಲಿ ಆ ದಿನಗಳಲ್ಲಿ ಕಲಕು ಎಂದಿಗಿಂತ ಹೆಚ್ಚಾಗಿತ್ತು. ಆದರೆ ಕೋಲಿಫಾರ್ಮ್ ಪರೀಕ್ಷೆ? ಅದರಲ್ಲಿ ಏನೂ ಸಿಗಲಿಲ್ಲ. ನಿಯಮದ ಪ್ರಕಾರ ನೀರು ಸರಿಯಾಗಿಯೇ ಇತ್ತು.

ಕಾಯಿಲೆ ತಂದದ್ದು ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಏಕಕೋಶ ಪರಾವಲಂಬಿ. ಅದಕ್ಕೆ ದಪ್ಪ ಚಿಪ್ಪು ಇರುತ್ತೆ, ಗಾತ್ರ ಬರೀ 4ರಿಂದ 6 ಮೈಕ್ರೊಮೀಟರ್. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಇ. ಕೋಲಿಯನ್ನು ಕೊಲ್ಲುತ್ತೆ, ಇದನ್ನು ಕೊಲ್ಲೋದಿಲ್ಲ. ಅಂದರೆ ಶುದ್ಧೀಕರಣವೇ ಹೆಜ್ಜೆ ಗುರುತನ್ನು ಅಳಿಸಿತ್ತು, ಕಳ್ಳ ಮಾತ್ರ ಮನೆಯೊಳಗೇ ಇದ್ದ. ಏಪ್ರಿಲ್ 7ರಂದು ನೀರು ಕುದಿಸಿ ಕುಡಿಯಿರಿ ಅಂತ ಸೂಚನೆ ಬಂತು. ಅಷ್ಟರಲ್ಲಿ ಸುಮಾರು 4,03,000 ಜನ ಕಾಯಿಲೆ ಬಿದ್ದಿದ್ದರು ಅಂತ ಆಮೇಲೆ ಅಂದಾಜು ಮಾಡಿದರು. 50ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಏಡ್ಸ್‌ನಿಂದ ರೋಗನಿರೋಧಕ ಶಕ್ತಿ ಕುಂದಿದ್ದವರು.

ಇದರಿಂದ ಇ. ಕೋಲಿ ಪರೀಕ್ಷೆ ಕೆಲಸಕ್ಕೆ ಬಾರದ್ದು ಅಂತ ಅರ್ಥ ಮಾಡಿಕೊಳ್ಳಬೇಡಿ. ಅದು ಇದೆ ಅಂದರೆ ಅನುಮಾನಿಸಲು ಗಟ್ಟಿ ಕಾರಣ ಇದೆ. ಇಲ್ಲ ಅಂದರೆ ನಿಶ್ಚಿಂತೆಯಿಂದ ಇರಲು ಅಷ್ಟೇ ಗಟ್ಟಿ ಕಾರಣ ಇಲ್ಲ. ಈ ಎರಡು ವಾಕ್ಯ ಇವತ್ತಿನ ಸಂಚಿಕೆಯ ಸಾರ. ಅದಕ್ಕೇ ಇವತ್ತು ನೀರಿನ ವಿಜ್ಞಾನಿಗಳು ಒಂದೇ ಸಂಖ್ಯೆಗೆ ಜೋತುಬೀಳೋದಿಲ್ಲ. ಕಲಕು ನೋಡುತ್ತಾರೆ, ಮಳೆ ಲೆಕ್ಕ ನೋಡುತ್ತಾರೆ, ಕೊಳವೆ ಎಲ್ಲಿ ಬಂದು ಬೀಳುತ್ತೆ ಅಂತ ದಡದಲ್ಲಿ ನಡೆದು ನೋಡುತ್ತಾರೆ. ವೈರಸ್‌ಗಳಿಗೆ ಹತ್ತಿರದ ಸೂಚಕ ಬೇಕು ಅಂತ, ಇ. ಕೋಲಿಯನ್ನೇ ಬೇಟೆಯಾಡುವ ಕೋಲಿಫೇಜ್ ಅನ್ನುವ ವೈರಸ್‌ಗಳನ್ನೂ ಎಣಿಸುತ್ತಾರೆ.

ಊರಿನ ಮನೆಯಲ್ಲಿ ಅಪ್ಪ ಅಮ್ಮ ಬಾವಿ ನೀರು ಕುಡಿಯುತ್ತಿದ್ದಾರೆ, ಅವರು ಏನು ಮಾಡಬಹುದು ಅಂತ ನಿಮ್ಮಲ್ಲಿ ಕೆಲವರಿಗಾದರೂ ಯೋಚನೆ ಬಂದಿರಬಹುದು. ಕುಡಿಯುವ ನೀರಿಗೆ ಭಾರತದ ಮಾನದಂಡ ಬಹಳ ಸ್ಪಷ್ಟ: 100 ಮಿಲಿಲೀಟರಿನಲ್ಲಿ ಒಂದೇ ಒಂದು ಇ. ಕೋಲಿಯೂ ಸಿಗಬಾರದು. ಲ್ಯಾಬ್ ದೂರ ಇರುವ ಹಳ್ಳಿಗಳಿಗೆಂದೇ ಭಾರತೀಯ ವಿಜ್ಞಾನಿಗಳಾದ ಮಂಜಾ, ಮೌರ್ಯ ಮತ್ತು ರಾವ್ 1982ರಲ್ಲಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಸಣ್ಣ ಬಾಟಲಿಯಲ್ಲಿ ರಾಸಾಯನಿಕ ಸವರಿದ ಕಾಗದದ ಪಟ್ಟಿ ಇರುತ್ತೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಆಯಿತು. ಮಲದ ಜೊತೆ ಬರುವ ಹಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ, ಅದರಿಂದ ನೀರು ಕಪ್ಪಾಗುತ್ತೆ. ಕರೆಂಟು ಬೇಡ, ಯಂತ್ರ ಬೇಡ. ಜಗತ್ತಿನ ಹಲವು ದೇಶಗಳಲ್ಲಿ ಈ ಪರೀಕ್ಷೆ ಬಳಕೆಗೆ ಬಂದಿದೆ. ಕಪ್ಪಾದರೆ ಆ ನೀರನ್ನು ಕುದಿಸದೆ ಕುಡಿಯಬಾರದು, ಲ್ಯಾಬಿಗೆ ಕಳಿಸಿ ಇ. ಕೋಲಿ ನೋಡಿಸಬೇಕು. ಕಪ್ಪಾಗಲಿಲ್ಲ ಅಂದರೂ, ಮಳೆಗಾಲದಲ್ಲಿ ಬಾವಿ ನೀರು ಕದಡಿದಾಗ ಕುದಿಸುವುದೇ ಒಳ್ಳೆಯದು. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೊಸ್ಪೊರಿಡಿಯಂ ಕೂಡ ಅಷ್ಟಕ್ಕೆ ಸಾಯುತ್ತೆ.

ಬೀಚಿಗೆ ಹೋಗುವವರಿಗೆ ಕೆಲವು ಮಾತು. ಬೋರ್ಡಿನಲ್ಲಿ ಸಂಖ್ಯೆ ನೋಡುವಾಗ ನೀರು ತೆಗೆದ ದಿನ ಯಾವುದು ಅಂತಲೂ ನೋಡಿ. ಜೋರು ಮಳೆ ಬಂದರೆ ಒಂದೆರಡು ದಿನ ನೀರಿಗೆ ಇಳಿಯದಿರುವುದು ಉತ್ತಮ, ಬೋರ್ಡಿನಲ್ಲಿ ಏನೇ ಬರೆದಿರಲಿ. ಚರಂಡಿ ಕೊಳವೆ ಬಂದು ಬೀಳುವ ಜಾಗದ ಹತ್ತಿರ ಈಜಬೇಡಿ. ನೀರು ಬಾಯಿಗೆ ಹೋಗದಂತೆ ಮಕ್ಕಳಿಗೆ ಹೇಳಿಕೊಡಿ. ಮರಳಿನಲ್ಲಿ ಗೂಡು ಕಟ್ಟಿ ಆಡಿದ ಮೇಲೆ ಚಿತ್ರಾನ್ನಕ್ಕೆ ಕೈ ಹಾಕುವ ಮೊದಲು ಕೈ ತೊಳೆಸಿ. ಮರಳಿನಲ್ಲಿ ಅಗೆದು ಆಡಿದವರಿಗೂ ಹೊಟ್ಟೆಯ ತೊಂದರೆ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿದೆ. ಸೀಗಲ್‌ಗಳಿಗೆ ತಿಂಡಿ ಹಾಕಬೇಡಿ. ಮನೆಯಲ್ಲಿ ಯಾರಿಗಾದರೂ ಭೇದಿ ಇದ್ದರೆ ಅವರು ನೀರಿಗೆ ಇಳಿಯದಿರಲಿ. ಯಾಕಂದ್ರೆ ಆ ನೀರಿಗೆ ಹೆಜ್ಜೆ ಗುರುತು ಬಿಡುವವರಲ್ಲಿ ನಾವೂ ಇದ್ದೇವೆ.

ನಿಮ್ಮ ಊರಿನ ಹೊಳೆಯ ಅಥವಾ ನೀವೀಗ ಇರುವ ಊರಿನ ಬೀಚಿನ ನೀರಿನ ವರದಿ ನಿಮಗೆ ಸಿಕ್ಕಿದರೆ, ಇವತ್ತಿನ ಮೂರು ಪ್ರಶ್ನೆ ಇಟ್ಟುಕೊಂಡು ಒಮ್ಮೆ ಓದಿ ನೋಡಿ: ಯಾವಾಗಿನದು, ಯಾರದು, ಮತ್ತು ಇದರ ಕಣ್ಣಿಗೆ ಬೀಳದೇ ಉಳಿದದ್ದು ಏನು? ಅರ್ಥವಾಗದ್ದು ಇದ್ದರೆ ನಮಗೆ ಬರೆದು ಕೇಳಿ, ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇವೆ. ಅಲ್ಲಿಯವರೆಗೆ, ಕೈ ತೊಳೆದುಕೊಂಡು ಆರಾಮಾಗಿ ಇರಿ. ನಮಸ್ಕಾರ.